ಟೇಬಲ್ ನೆಬ್ಯುಲೈಸರೋ, ಕೈಯಲ್ಲಿ ಹಿಡಿಯುವುದೋ? ಮಲೆನಾಡಿನ ಮನೆಯಲ್ಲಿ ಎರಡನ್ನೂ ಬಳಸಿ ನೋಡಿದ್ದು

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಆಯಿಗೆ (ತಾಯಿಗೆ) ಉಬ್ಬಸ ಹಳೆಯದು. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಮಳೆ ಮುಗಿದು ಉಸಿರು ಸಲೀಸಾಯಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು, ಬೇಯಿಸುವ ಒಲೆಯ ಹೊಗೆ, ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗಿನ ಧೂಳು. ಔಷಧಿಯನ್ನು ಮಂಜಾಗಿಸಿ ಉಸಿರಿನ ಜೊತೆ ಒಳಗೆ ಕಳಿಸುವ ನೆಬ್ಯುಲೈಸರ್ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳಿದ ಮೇಲೆ ಮೊದಲು ಬಂದದ್ದು ಟೇಬಲ್ ಮೇಲಿಡುವ ಕಂಪ್ರೆಸರ್ ಯಂತ್ರ, ಆಮೇಲೆ ಕೈಯಲ್ಲಿ ಹಿಡಿಯುವ ಮೆಶ್ ಯಂತ್ರ. ಎರಡೂ ಈಗಲೂ ಬಳಕೆಯಲ್ಲಿವೆ. ಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ, ದಿನಾ ಔಷಧಿ ತೆಗೆದುಕೊಳ್ಳುವವರಿಗೆ ಮೊದಲು ಟೇಬಲ್ ಯಂತ್ರವನ್ನೇ ಕೊಡಿಸಿ ಎನ್ನುತ್ತೇನೆ. ಕಾರಣ ಬೆಲೆಯೊಂದೇ ಅಲ್ಲ.

ಎರಡೂ ಮಾಡುವ ಕೆಲಸ ಒಂದೇ: ದ್ರವ ಔಷಧಿಯನ್ನು 1ರಿಂದ 5 ಮೈಕ್ರಾನ್‌ನಷ್ಟು ಸಣ್ಣ ಹನಿಗಳಾಗಿ ಒಡೆಯುವುದು. ಅದಕ್ಕಿಂತ ದೊಡ್ಡ ಹನಿ ಹೆಚ್ಚಾಗಿ ಗಂಟಲಲ್ಲೇ ಕೂರುತ್ತದೆ, ಶ್ವಾಸಕೋಶದ ಒಳಗೆ ಇಳಿಯುವುದಿಲ್ಲ. ಒಡೆಯುವ ರೀತಿ ಮಾತ್ರ ಬೇರೆ. ಟೇಬಲ್ ಯಂತ್ರದ ಮೋಟಾರು ಗಾಳಿಯನ್ನು ಒತ್ತಿ, ಔಷಧಿ ಹಾಕುವ ಕಪ್ಪಿನ ತಳದ ಸಣ್ಣ ತೂತಿನಿಂದ ರಭಸವಾಗಿ ಬಿಡುತ್ತದೆ. ಆ ರಭಸಕ್ಕೆ ಔಷಧಿ ಮೇಲಕ್ಕೇರಿ ಮಂಜಾಗುತ್ತದೆ. ಮೆಶ್ ಯಂತ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ತೆಳುವಾದ ತಗಡು ಇರುತ್ತದೆ. ಅದು ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಕಂಪಿಸಿ ಔಷಧಿಯನ್ನು ಆಚೆ ತಳ್ಳುತ್ತದೆ.

ಸದ್ದಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಟೇಬಲ್ ಯಂತ್ರ ಹಚ್ಚಿದರೆ ಆಯಿ, ‘ತಮಾ, ಇದು ಗುಂಯ್ ಅಂದ್ರೆ ಯಂಗೆ ಎಂತದೂ ಕೇಳ್ತಿಲ್ಲೆ’ ಎಂದು ಟಿವಿಯ ಕಡೆ ಕೈ ತೋರಿಸುತ್ತಾಳೆ. ಮೆಶ್ ಯಂತ್ರ ನಡೆಯುತ್ತಿದೆಯೋ ಇಲ್ಲವೋ ಎಂದು ಮಂಜು ನೋಡಿಯೇ ತಿಳಿಯಬೇಕು. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ, ಪಕ್ಕದಲ್ಲಿ ಮಲಗಿದ ಮಗುವನ್ನು ಎಬ್ಬಿಸದೆ ಔಷಧಿ ಕೊಡಬಹುದು ಎನ್ನುವುದು ಸಣ್ಣ ಸಂಗತಿಯಲ್ಲ.

ಇನ್ನು ಕರೆಂಟ್. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ನಮ್ಮ ಊರಲ್ಲಿ ಮರುದಿನದ ತನಕ ಕತ್ತಲೆ. ಇನ್ವರ್ಟರ್ ಬ್ಯಾಟರಿ ಇಳಿದ ಮೇಲೆ ಟೇಬಲ್ ಯಂತ್ರದಿಂದ ಉಪಯೋಗವಿಲ್ಲ. ಆಗ ಚಾರ್ಜ್ ಮಾಡಿಟ್ಟ ಮೆಶ್ ಯಂತ್ರವೇ ಗತಿ. ದಾರಿಯಲ್ಲೂ ಅಷ್ಟೇ. ತಂಗಿಯ ಮನೆ ಕಾರವಾರದ ಕೋಡಿಬಾಗದಲ್ಲಿದೆ. ದೇವಿಮನೆ ಘಾಟಿ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗಬೇಕು. 2024ರ ಜುಲೈ 16ರಂದು ಅದೇ ದಾರಿಯ, ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೂ ಬಂದಾಯಿತು. ಅಂದಿನಿಂದ ಮಳೆಗಾಲದಲ್ಲಿ ಆಯಿಯನ್ನು ಕರೆದುಕೊಂಡು ಹೊರಟರೆ ಮೆಶ್ ಯಂತ್ರ ಕೈಚೀಲದಲ್ಲೇ ಇರುತ್ತದೆ. ಫೋನಿಗಿಂತ ಹಗುರ, ಕಾರಿನಲ್ಲಿ ಕೂತಲ್ಲೇ ಬಳಸಬಹುದು.

ಇಷ್ಟೆಲ್ಲ ಇದ್ದೂ ಟೇಬಲ್ ಯಂತ್ರವೇ ಮೊದಲು ಎನ್ನುವುದೇಕೆಂದರೆ, ದಿನನಿತ್ಯದ ಒರಟು ಬಳಕೆಗೆ ಅದು ಬಾಗುವುದಿಲ್ಲ. ಕಟ್ಟಿದ ಉಸಿರನ್ನು ಬೇಗ ಸಡಿಲಿಸುವ ಸಾಲ್‌ಬ್ಯುಟಮಾಲ್ ತಿಳಿನೀರಿನಂತಹ ಔಷಧಿ, ಎರಡರಲ್ಲೂ ಸಲೀಸು. ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್ ಔಷಧಿ ಬುಡೆಸೊನೈಡ್ ಹಾಗಲ್ಲ. ಅದು ದ್ರವದಲ್ಲಿ ತೇಲುವ ನುಣ್ಣನೆಯ ಪುಡಿ, ಬಿಳಿಚಾಗಿರುತ್ತದೆ. ಬಳಸಿದ ಕೂಡಲೇ ತೊಳೆಯದಿದ್ದರೆ ಮೆಶ್‌ನ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಮಂಜು ತೆಳ್ಳಗಾಗುತ್ತದೆ, ಐದು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಹದಿನೈದಕ್ಕೂ ಮುಗಿಯುವುದಿಲ್ಲ. ಹತ್ತಿಕಡ್ಡಿಯಿಂದ ತಿಕ್ಕಿದರೆ ತಗಡೇ ಹಾಳು, ಹೊಸ ಮೆಶ್ ತರಿಸುವುದೆಂದರೆ ಖರ್ಚು ಮತ್ತು ಕಾಯುವಿಕೆ. ಟೇಬಲ್ ಯಂತ್ರದ ಕಪ್ ಹೋದರೆ ಮೆಡಿಕಲ್ ಶಾಪಿನಲ್ಲಿ ಮಾಸ್ಕ್, ನಳಿಕೆ ಸಮೇತ ಹೊಸ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಯಂತ್ರದ ಬೆಲೆಯೂ 2,000 ರೂಪಾಯಿಯ ಆಸುಪಾಸು. ಒಳ್ಳೆಯ ಮೆಶ್ ಯಂತ್ರಕ್ಕೆ ಅದರ ಎರಡು ಮೂರು ಪಟ್ಟು ಕೊಡಬೇಕು. ಅಗ್ಗದ ಮೆಶ್ ಯಂತ್ರಗಳೂ ಇವೆ, ಆದರೆ ಬಿಡಿಭಾಗ ಸಿಗದಿದ್ದರೆ ಅವುಗಳ ಸಹವಾಸವೇ ಬೇಡ.

ಟೇಬಲ್ ಯಂತ್ರಕ್ಕೂ ಉಪಚಾರ ಬೇಕು. ಅದು ಮನೆಯ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಚಾಲಿ ಸುಲಿಯುವ ದಿನಗಳಲ್ಲಿ ಫಿಲ್ಟರ್ ಬೇಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಚ್ಚಲ ಒಲೆಯಿಂದ ದೂರದ ಕೋಣೆಯಲ್ಲಿಡಿ, ಫಿಲ್ಟರ್ ಬದಲಿಸುತ್ತಿರಿ. ಮಳೆಗಾಲದಲ್ಲಿ ನಳಿಕೆಯೊಳಗೆ ತೇವ ನಿಲ್ಲುತ್ತದೆ. ಕಪ್ ಬಿಚ್ಚಿಟ್ಟು ಬರಿಯ ನಳಿಕೆಯಲ್ಲಿ ಒಂದೆರಡು ನಿಮಿಷ ಗಾಳಿ ಓಡಿಸಿದರೆ ಒಣಗುತ್ತದೆ. ಕಪ್ ಮತ್ತು ಮಾಸ್ಕನ್ನು ಪ್ರತಿ ಸಲ ತೊಳೆದು, ಸ್ವಚ್ಛ ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಬೂಷ್ಟು ಬಟ್ಟೆಗೆ ಹಿಡಿಯುವ ಹವೆಯಲ್ಲಿ ಒದ್ದೆ ಮಾಸ್ಕಿಗೂ ಹಿಡಿಯುತ್ತದೆ, ಅದನ್ನೇ ಮೂಗಿಗೆ ಇಡುವುದು ಅಪಾಯ.

ನೆಂಟರು ಬಂದಾಗಲೆಲ್ಲ ‘ಎರಡು ಹನಿ ನೀಲಗಿರಿ ಎಣ್ಣೆ ಹಾಕಿ’, ‘ತುಳಸಿ ಕಷಾಯ ಹಾಕಿ’ ಎನ್ನುತ್ತಾರೆ. ದಯವಿಟ್ಟು ಯಾವ ಯಂತ್ರಕ್ಕೂ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ವೈದ್ಯರು ಬರೆದ ಔಷಧಿ, ಅವರು ಹೇಳಿದ್ದರೆ ನಾರ್ಮಲ್ ಸಲೈನ್, ಅಷ್ಟೇ. ಬುಡೆಸೊನೈಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿಯ ಫಂಗಸ್ ಏಳಬಹುದು.

ಎರಡೆರಡು ಯಂತ್ರ ಕೊಳ್ಳಲಾಗದ ಮನೆಗಳಿಗೆ ಇನ್ನೊಂದು ದಾರಿ ಇದೆ: ಟೇಬಲ್ ಯಂತ್ರದ ಜೊತೆಗೆ ಪಂಪ್ ಇನ್‌ಹೇಲರ್ ಮತ್ತು ಅದರ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಅಂದರೆ ಸ್ಪೇಸರ್. ಇವಕ್ಕೆ ಕರೆಂಟೂ ಬೇಡ, ಚಾರ್ಜೂ ಬೇಡ. ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ಹಚ್ಚಿ ಸರಿಯಾಗಿ ಎಳೆದ ಇನ್‌ಹೇಲರ್ ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತದೆ. ಎಳೆಯುವ ಕ್ರಮವನ್ನು ವೈದ್ಯರ ಎದುರೇ ಕಲಿಯಿರಿ. ಮಾತಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಯಾವ ಯಂತ್ರ ಮೇಲೆಂದು ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ದೊಡ್ಡ ಚಿಕಿತ್ಸೆಗೆ ಮಣಿಪಾಲವೋ ಹುಬ್ಬಳ್ಳಿಯೋ ಎನ್ನುವ ನಮ್ಮ ಜಿಲ್ಲೆಯಲ್ಲಿ ದಾರಿಗೆ ಹಿಡಿಯುವ ಹೊತ್ತನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಅಂಗಡಿಯಲ್ಲಿ ಯಾರೂ ಹೇಳದ ವ್ಯತ್ಯಾಸ ಇನ್ನೊಂದಿದೆ. ಟೇಬಲ್ ಯಂತ್ರದ ಕಪ್ಪಿನಲ್ಲಿ ಕೊನೆಗೆ ಸುಮಾರು 1 ಮಿ.ಲೀ. ಔಷಧಿ ಮಂಜಾಗದೆ ಉಳಿದುಬಿಡುತ್ತದೆ. ಒಳ್ಳೆಯ ಮೆಶ್ ಯಂತ್ರದಲ್ಲಿ ಉಳಿಯುವುದು ತೀರಾ ಕಡಿಮೆ. ಹಾಗಾಗಿ ಅದೇ 2.5 ಮಿ.ಲೀ. ರೆಸ್ಪ್ಯೂಲ್ (ಒಂದು ಸಲದ ಔಷಧಿ ತುಂಬಿದ ಪುಟ್ಟ ಪ್ಲಾಸ್ಟಿಕ್ ಸೀಸೆ) ಮೆಶ್‌ನಲ್ಲಿ ಹಾಕಿದರೆ ಒಳಗೆ ಹೋಗುವ ಔಷಧಿ ಹೆಚ್ಚು. ಮೆಶ್ ಯಂತ್ರದಲ್ಲಿ ಸಾಲ್‌ಬ್ಯುಟಮಾಲ್ ತೆಗೆದುಕೊಂಡ ದಿನಗಳಲ್ಲಿ ಆಯಿಗೆ ಕೈ ನಡುಕ, ಎದೆ ಢವಗುಡುವುದು ಹೆಚ್ಚಾಗಿ ಕಂಡಿತು. ವೈದ್ಯರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು ಯಾವ ಯಂತ್ರ ಎಂದು. ಕೇಳಿ ಪ್ರಮಾಣ ಬದಲಿಸಿ ಬರೆದರು. ಈಗ ಆಯಿಯ ಔಷಧಿ ಚೀಟಿಯಲ್ಲಿ ಟೇಬಲ್‌ಗೆ ಎಷ್ಟು, ಮೆಶ್‌ಗೆ ಎಷ್ಟು ಎಂದು ಎರಡು ಸಾಲು ಇದೆ.