ಯೊಸೆಮಿಟಿಯಲ್ಲಿ ಒಂದೇ ರಾತ್ರಿ: ನಾವು ಮಲಗಿದ ನಾಲ್ಕು ಜಾಗಗಳು

ಶನಿವಾರ ಬೆಳಗ್ಗೆ ಬೆನ್ನಿಗೆ ಬ್ಯಾಗು ಏರಿಸಿ ಹೊರಡುವುದು, ಭಾನುವಾರ ಸಂಜೆಯೊಳಗೆ ಕಾರಿನ ಹತ್ತಿರ ವಾಪಸ್. ನಡುವೆ ಒಂದೇ ರಾತ್ರಿ ಟೆಂಟಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ನ್ಯಾಷನಲ್ ಪಾರ್ಕಿನಲ್ಲಿ ನಾನೂ ನನ್ನ ಹೆಂಡತಿಯೂ ಇಂಥ ನಾಲ್ಕು ಟ್ರಿಪ್ ಮಾಡಿದ್ದೇವೆ, ನಾಲ್ಕು ಬೇಸಿಗೆಗಳಲ್ಲಿ. ಲಿಟಲ್ ಯೊಸೆಮಿಟಿ ವ್ಯಾಲಿ, ಸನ್‌ರೈಸ್ ಲೇಕ್ಸ್, ಗ್ಲೆನ್ ಆಲಿನ್, ಯಂಗ್ ಲೇಕ್ಸ್. ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಸಂಜೆ ನಾಲ್ಕಕ್ಕೆ ಟೆಂಟ್ ಹಾಕಿ ಮುಗಿಸಿದಿರಿ, ಆಮೇಲೆ ಕತ್ತಲಾಗುವ ತನಕ ಏನು ಮಾಡ್ತೀರಿ?

ಐದು ದಿನದ ಟ್ರಿಪ್ಪಿನಲ್ಲಿ ಒಂದು ರಾತ್ರಿ ಕೆಟ್ಟರೆ ಇನ್ನು ಮೂರು ಇರುತ್ತವೆ. ಇಲ್ಲಿ ಇರುವುದೇ ಒಂದು. ಬರೀ ನೋಟ ಬೇಕಿದ್ದರೆ ನೀರಿನ ಬಾಟಲಿ ಹಿಡಿದು ಬೆಳಗ್ಗೆ ಹೋಗಿ ಸಂಜೆ ಬರಬಹುದು. ಟೆಂಟು, ಮಲಗುವ ಚೀಲ, ಸ್ಟವ್ ಎಲ್ಲ ಹೊತ್ತುಕೊಂಡು ಹೋಗುವುದು ಆ ಒಂದು ಸಂಜೆಗೆ, ಮಾರನೆಯ ಬೆಳಗ್ಗೆಗೆ. ಹಾಗಾಗಿ ಶಿಖರ ಯಾವುದು ಅನ್ನುವುದಕ್ಕಿಂತ ಮಲಗುವ ಜಾಗ ಯಾವುದು ಅನ್ನುವುದೇ ನನಗೆ ಮುಖ್ಯ. ಇದು ಅರ್ಥವಾಗಲು ನಮಗೆ ಎರಡು ಟ್ರಿಪ್ ಬೇಕಾದವು.

ಎಲ್ಲೆಂದರಲ್ಲಿ ಟೆಂಟ್ ಹಾಕುವಂತೆಯೂ ಇಲ್ಲ. ಯೊಸೆಮಿಟಿ ಕಣಿವೆ, ಟುವಾಲಮಿ ಮೆಡೋಸ್‌ನಂಥ ಜನ ಸೇರುವ ಜಾಗಗಳಿಂದ ಕನಿಷ್ಠ 4 ಮೈಲಿ ನಡೆದ ಮೇಲೆಯೇ ಮಲಗಬಹುದು. ಬೇರೆ ಕಡೆ ರಸ್ತೆಯಿಂದ 1 ಮೈಲಿ ಆಚೆ ಇರಬೇಕು. ಒಂದು ಮೈಲಿ ಅಂದರೆ ಸುಮಾರು 1.6 ಕಿ.ಮೀ. ಒಂದೇ ರಾತ್ರಿಯ ನಮ್ಮ ಜಾಗಗಳೆಲ್ಲ ನಾಲ್ಕರಿಂದ ಏಳು ಮೈಲಿ ದೂರದಲ್ಲಿ ಇದ್ದದ್ದು ಇದಕ್ಕೇ.

ಮೊದಲ ಸಲ ಎಲ್ಲರೂ ಬೀಳುವ ಆಸೆಗೆ ನಾವೂ ಬಿದ್ದೆವು: ಹಾಫ್ ಡೋಮ್, ಯೊಸೆಮಿಟಿಯ ಹೆಸರುವಾಸಿ ಬಂಡೆ ಬೆಟ್ಟ. ಅದಕ್ಕೆ ಲಿಟಲ್ ಯೊಸೆಮಿಟಿ ವ್ಯಾಲಿಯಲ್ಲಿ ಮಲಗಬೇಕು. ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಏರು ಶುರು. ಸುಮಾರು 4,000 ಅಡಿ ಎತ್ತರದಿಂದ 6,100 ಅಡಿಗೆ ಹತ್ತಬೇಕು. ದಾರಿಯಲ್ಲಿ 317 ಅಡಿಯ ವರ್ನಲ್ ಜಲಪಾತ, ಅದರ ಮೇಲೆ 594 ಅಡಿಯ ನೆವಾಡಾ ಜಲಪಾತ. ವರ್ನಲ್ ಪಕ್ಕದ ಕಲ್ಲಿನ ಮೆಟ್ಟಿಲ ದಾರಿಗೆ ಮಿಸ್ಟ್ ಟ್ರೇಲ್ ಅಂತ ಹೆಸರು. ಬೇಸಿಗೆಯ ಶುರುವಿನಲ್ಲಿ ಹೋದರೆ ಅದು ತುಂತುರಲ್ಲ, ಸ್ನಾನ. ಭಾರದ ಬ್ಯಾಗು ಇದ್ದವರು ಜಾನ್ ಮ್ಯೂರ್ ಟ್ರೇಲ್ ಹಿಡಿಯುವುದು ಒಳ್ಳೆಯದು. ಸ್ವಲ್ಪ ಸುತ್ತು, ಆದರೆ ಮಲಗುವ ಚೀಲ ಒಣಗಿರುತ್ತದೆ.

ಕ್ಯಾಂಪ್ ತಲುಪಿ ಬ್ಯಾಗು ಇಳಿಸಿದ ಹೆಂಡತಿ ಸುತ್ತ ನೋಡಿ ಹೇಳಿದ ಮೊದಲ ಮಾತು: "ಇದೇನ್ರೀ, ಕಾಡಿಗೆ ಬಂದಿದ್ದೀವೋ ಬಸ್ ಸ್ಟ್ಯಾಂಡಿಗೋ?" ಪೈನ್ ಮರಗಳ ಕೆಳಗೆ ಧೂಳು ನೆಲ, ಟೆಂಟಿಗೆ ತಾಗಿ ಟೆಂಟು. ಶೌಚಾಲಯ ಇದೆ, ಆಹಾರ ಇಡಲು ಕಬ್ಬಿಣದ ಪೆಟ್ಟಿಗೆ ಇದೆ, ಹತ್ತಿರದಲ್ಲೇ ಮರ್ಸೆಡ್ ನದಿ ಇದೆ. ಇಲ್ಲದ್ದು ನೋಟ. ಸಂಜೆ ನಾಲ್ಕರಿಂದ ಎಂಟರ ತನಕ ನಾವು ಮಾಡಿದ ಕೆಲಸ ಅಂದರೆ ಕಾಲು ತೊಳೆದದ್ದು, ಊಟ ಮಾಡಿದ್ದು, ಪಕ್ಕದ ಟೆಂಟಿನವರ ಕಾಲೇಜು ದಿನಗಳ ಕತೆ ಕೇಳಿದ್ದು. ರಾತ್ರಿ ಅವರ ಗೊರಕೆಯನ್ನೂ ಕೇಳಿದೆವು.

ಆದರೆ ಬೆಳಗ್ಗೆ ಆ ಜಾಗಕ್ಕೆ ಬೆಲೆ ಬಂತು. ಕಣಿವೆಯಿಂದ ಒಂದೇ ದಿನದಲ್ಲಿ ಹಾಫ್ ಡೋಮ್ ಹತ್ತಿ ಇಳಿಯಲು ಕಡಿಮೆ ಅಂದರೂ 14 ಮೈಲಿ ನಡೆಯಬೇಕು, 4,800 ಅಡಿ ಏರಬೇಕು. ಕ್ಯಾಂಪಿನಿಂದಾದರೆ ಶಿಖರ ಮೂರೂವರೆ ಮೈಲಿ ಅಷ್ಟೇ. ಐದಕ್ಕೆ ಹೊರಟು ಎಂಟರೊಳಗೆ 8,842 ಅಡಿಯ ನೆತ್ತಿಯ ಮೇಲಿದ್ದೆವು. ಕೊನೆಯ 400 ಅಡಿ ಉಕ್ಕಿನ ಕೇಬಲ್ ಹಿಡಿದು ಹತ್ತುವುದು. ಆ ಕೇಬಲ್ ದಾರಿ ಮೊದಲು ಹಾಕಿದ್ದು 1919ರಲ್ಲಿ. ನಾವು ಇಳಿದು ಮುಗಿಸುವಾಗ ಕೇಬಲ್ ಬುಡದಲ್ಲಿ ಸಾಲು ಬೆಳೆದಿತ್ತು. ಹಾಫ್ ಡೋಮಿಗೆ ಬೇರೆಯೇ ಪರ್ಮಿಟ್ ಬೇಕು, ಅದನ್ನು ಮರೆಯಬೇಡಿ. ಮಧ್ಯಾಹ್ನ ಗುಡುಗು ಮೋಡ ಕಟ್ಟಿದರೆ ಆ ಬೋಳು ಬಂಡೆಯ ಮೇಲೆ ಇರಲೇಬಾರದು. ಒಟ್ಟಿನಲ್ಲಿ ಹಾಫ್ ಡೋಮ್ ಹತ್ತಲೇಬೇಕು ಅನ್ನುವವರು ಇಲ್ಲಿ ಮಲಗಿ. ಉಳಿದವರಿಗೆ ಬೇಡ.

ಎರಡನೇ ಬೇಸಿಗೆ ಸನ್‌ರೈಸ್ ಲೇಕ್ಸ್. ಟಯೋಗಾ ರಸ್ತೆಯ ಟೆನಾಯಾ ಸರೋವರದ ಪಶ್ಚಿಮ ತುದಿಯಿಂದ ನಾಲ್ಕು ಮೈಲಿ. ಮೊದಲು ಆರಾಮವಾಗಿ ಕಾಡಿನೊಳಗೆ ಹೋಗುತ್ತದೆ, ಆಮೇಲೆ ಒಂದು ಮೈಲಿಯಲ್ಲಿ ಸುಮಾರು ಸಾವಿರ ಅಡಿ ಏರು. ಮೊಣಕಾಲು ಲೆಕ್ಕ ಕೇಳುತ್ತದೆ. ಮೇಲೆ ಮೂರು ಕೆರೆಗಳು, ಬಂಡೆಗಳ ನಡುವೆ. ಫೋಟೋದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಸಂಜೆ ಇನ್ನೊಂದಿಲ್ಲ ಅನಿಸುತ್ತದೆ.

ಫೋಟೋದಲ್ಲಿ ಸೊಳ್ಳೆ ಕಾಣುವುದಿಲ್ಲ. ನಾವು ಹೋದದ್ದು ಜುಲೈ ಮಧ್ಯದಲ್ಲಿ. ಹಿಮ ಕರಗಿ ನೆಲ ಇನ್ನೂ ತೇವ ಇರುವ ಕಾಲ ಅದು, ಸೊಳ್ಳೆಗಳ ಜಾತ್ರೆ. ಐದು ಗಂಟೆಗೆ ಟೆಂಟಿನೊಳಗೆ ಸೇರಿದವರು ಕತ್ತಲಾಗುವವರೆಗೆ ಜಾಲರಿಯ ಒಳಗಿಂದಲೇ ಕೆರೆ ನೋಡಿದೆವು. ಇದೇ ಜಾಗಕ್ಕೆ ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ಹೋಗಿದ್ದರೆ ನಾನು ಬೇರೆಯೇ ಬರೆಯುತ್ತಿದ್ದೆ. ತಪ್ಪು ಕೆರೆಯದಲ್ಲ, ಕ್ಯಾಲೆಂಡರಿನದು.

ಬೆಳಗ್ಗೆ ಮಾತ್ರ ಕ್ಲೌಡ್ಸ್ ರೆಸ್ಟ್ ನಮ್ಮ ಮರ್ಯಾದೆ ಉಳಿಸಿತು. ಟೆಂಟು ಅಲ್ಲೇ ಬಿಟ್ಟು ಸುಮಾರು ಐದು ಮೈಲಿ ನಡೆದರೆ 9,926 ಅಡಿಯ ಶಿಖರ. ಕೊನೆಯಲ್ಲಿ ಕಿರಿದಾದ ಬಂಡೆಯ ಏಣು, ಎರಡೂ ಕಡೆ ಪ್ರಪಾತ. ಇಲ್ಲಿಂದ ಹಾಫ್ ಡೋಮ್ ಸಾವಿರ ಅಡಿ ಕೆಳಗೆ ಕಾಣುತ್ತದೆ. ಹಿಂದಿನ ವರ್ಷ ಅಷ್ಟು ಕಷ್ಟಪಟ್ಟು ಹತ್ತಿದ ಬೆಟ್ಟವನ್ನು ತಲೆ ಬಗ್ಗಿಸಿ ನೋಡುವುದು ಒಂಥರಾ ಮಜಾ. ಕೇಬಲ್ ಇಲ್ಲ, ಬೇರೆ ಪರ್ಮಿಟ್ ಇಲ್ಲ, ಸಾಲು ಇಲ್ಲ. ಎರಡರಲ್ಲಿ ನೋಟ ಯಾವುದು ಮೇಲು ಅಂದರೆ ನಾನು ಎರಡು ಸಲ ಯೋಚಿಸದೆ ಕ್ಲೌಡ್ಸ್ ರೆಸ್ಟ್ ಅನ್ನುತ್ತೇನೆ. ಆದರೆ ಇದನ್ನು ಟೆನಾಯಾದಿಂದ ಒಂದೇ ದಿನದಲ್ಲಿ 14 ಮೈಲಿಯಲ್ಲಿ ಮುಗಿಸಬಹುದು. ಹಾಗಿದ್ದಮೇಲೆ ಟೆಂಟ್ ಯಾಕೆ ಹೊರಬೇಕು, ಅಲ್ವಾ?

ಟೆನಾಯಾ ಹೆಸರಿನ ಕತೆ ಒಂದಿದೆ. ಟೆನಾಯಾ ಅಂದರೆ ಅಹ್ವಾನೀಚೀ ಜನರ ನಾಯಕ. 1851ರಲ್ಲಿ ಆ ಜನರನ್ನು ಇಲ್ಲಿಂದ ಓಡಿಸಲು ಬಂದ ಪಡೆಯವರು, ಈ ಸರೋವರಕ್ಕೆ ನಿನ್ನ ಹೆಸರಿಟ್ಟಿದ್ದೇವೆ ಅಂದರಂತೆ. ಅದಕ್ಕೆ ಆಗಲೇ ಹೆಸರಿದೆ ಅಂದನಂತೆ ಆತ. ಪೈವಿಯಾಕ್, ಹೊಳೆಯುವ ಬಂಡೆಗಳ ಸರೋವರ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಇಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೇ. ಹಿಮನದಿಗಳು ಗ್ರಾನೈಟನ್ನು ಉಜ್ಜಿ ಉಜ್ಜಿ ಪಾಲಿಶ್ ಮಾಡಿ ಹೋಗಿವೆ. ಸಂಜೆ ಬಿಸಿಲಿಗೆ ನಿಜವಾಗಿಯೂ ಹೊಳೆಯುತ್ತವೆ.

ಗ್ಲೆನ್ ಆಲಿನ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಟುವಾಲಮಿ ಮೆಡೋಸ್‌ನಿಂದ ಆರು ಮೈಲಿಗೆ ಸ್ವಲ್ಪ ಕಡಿಮೆ. ಈ ದಾರಿ ಬೇರೆಲ್ಲದರ ಉಲ್ಟಾ: ಹೋಗುವಾಗ ಇಳಿಜಾರು, ಬರುವಾಗ ಏರು. ಶುರುವಿನಲ್ಲೇ ಸೋಡಾ ಸ್ಪ್ರಿಂಗ್ಸ್ ಸಿಗುತ್ತದೆ. ನೆಲದಿಂದ ಗುಳುಗುಳು ಅಂತ ಬರುವ ಗುಳ್ಳೆ ನೀರು. ಕಾಡು ಉಳಿಸಲು ಬರೆದು ಹೋರಾಡಿದ ಜಾನ್ ಮ್ಯೂರ್ 1889ರಲ್ಲಿ ಪತ್ರಿಕೆಯ ಸಂಪಾದಕರೊಬ್ಬರ ಜೊತೆ ಇಲ್ಲೇ ಬಿಡಾರ ಹಾಕಿದ್ದಾಗ ನ್ಯಾಷನಲ್ ಪಾರ್ಕಿನ ಮಾತು ಹುಟ್ಟಿತು, ಮಾರನೇ ವರ್ಷ ಪಾರ್ಕ್ ಆಯಿತು. ಅಲ್ಲಿಂದ ಮುಂದೆ ಹೆಚ್ಚಿನ ದಾರಿ ಟುವಾಲಮಿ ನದಿಯ ಪಕ್ಕದಲ್ಲೇ. ಕೊನೆಯ ಎರಡು ಮೈಲಿ ನದಿ ಬಂಡೆಯಿಂದ ಬಂಡೆಗೆ ಜಾರುತ್ತಾ, ಬೀಳುತ್ತಾ ನಮ್ಮ ಜೊತೆಗೇ ಇಳಿಯುತ್ತದೆ. ಹೇಸರಗತ್ತೆಗಳೂ ಇದೇ ದಾರಿಯಲ್ಲಿ ಓಡಾಡುತ್ತವೆ, ನೆಲ ನೋಡಿ ಕಾಲಿಡಿ.

ಇಲ್ಲಿಯೂ ಲಿಟಲ್ ಯೊಸೆಮಿಟಿಯ ಹಾಗೆಯೇ ಶೌಚಾಲಯ ಇದೆ, ಕಬ್ಬಿಣದ ಪೆಟ್ಟಿಗೆ ಇದೆ, ಅಕ್ಕಪಕ್ಕದಲ್ಲಿ ಜನ ಇದ್ದಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಯಾರೂ ಟೆಂಟಿನ ಹತ್ತಿರ ಇರುವುದಿಲ್ಲ. ವೈಟ್ ಕ್ಯಾಸ್ಕೇಡ್ ಅನ್ನುವ ಜಲಪಾತ ಕ್ಯಾಂಪಿನ ಪಕ್ಕದಲ್ಲೇ ಬೀಳುತ್ತದೆ, ಅದರ ಕೆಳಗೆ ಅಗಲವಾದ ಮಡು. ಎಲ್ಲರೂ ಬಂಡೆಯ ಮೇಲೆ ಕೂತು ಅದನ್ನೇ ನೋಡುತ್ತಿರುತ್ತಾರೆ. ನಾವೂ ಮೂರು ಗಂಟೆ ಕೂತೆವು. ಮಾತೇ ಬೇಕಾಗಲಿಲ್ಲ, ಆಡಿದರೂ ಕೇಳುತ್ತಿರಲಿಲ್ಲ. ಈ ನೀರು ಮುಂದೆ ಹೆಚ್ ಹೆಚೀ ಅಣೆಕಟ್ಟಿಗೆ ಸೇರಿ ಸ್ಯಾನ್ ಫ್ರಾನ್ಸಿಸ್ಕೋದ ನಲ್ಲಿಗಳಿಗೆ ಹೋಗುತ್ತದೆ. ಆ ಅಣೆಕಟ್ಟು ಬೇಡ ಅಂತ ಕೊನೆಯ ತನಕ ಹೋರಾಡಿದ್ದು ಅದೇ ಜಾನ್ ಮ್ಯೂರ್.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಇನ್ನೂ ಮೂರು ಮೈಲಿಗೆ ಮಿಕ್ಕಿ ಕೆಳಗಿಳಿದು ವಾಟರ್‌ವೀಲ್ ಜಲಪಾತ ನೋಡಬಹುದು. ರಭಸವಾಗಿ ಬರುವ ನೀರು ಬಂಡೆಯ ಅಂಚಿಗೆ ಬಡಿದು ಚಕ್ರದ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಬೇಸಿಗೆಯ ಮೊದಲ ವಾರಗಳಲ್ಲಿ ಮಾತ್ರ ಆ ಚಕ್ರ ಜೋರು. ನಾವು ಅರ್ಧ ದಾರಿಗೆ ತಿರುಗಿದೆವು. ಇಳಿದಷ್ಟೂ ಮತ್ತೆ ಹತ್ತಬೇಕು ಅನ್ನುವುದು ಅರ್ಧದಲ್ಲಿ ಹೊಳೆಯಿತು. ಭಾನುವಾರ ಬಿಸಿಲೇರಿದ ಮೇಲೆ 800 ಅಡಿ ಹತ್ತಿ ವಾಪಸಾಗುವುದೇ ಈ ಟ್ರಿಪ್ಪಿನ ಕಷ್ಟದ ಭಾಗ, ಅದಕ್ಕೆ ಏಳಕ್ಕೆಲ್ಲ ಹೊರಟುಬಿಡಿ. ಮೊದಲ ಸಲ ಹೋಗುವವರಿಗೆ, ಮಕ್ಕಳಿದ್ದವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಜಾಗ ಇದೇ.

ಯಂಗ್ ಲೇಕ್ಸ್ ಹಾಗಲ್ಲ. ಇದೂ ಟುವಾಲಮಿ ಮೆಡೋಸ್‌ನಿಂದಲೇ, ಆದರೆ ಸುಮಾರು ಏಳು ಮೈಲಿ, ಏರು ಸಾವಿರದ ಮುನ್ನೂರು ಅಡಿಗೂ ಜಾಸ್ತಿ. ಶೌಚಾಲಯ ಇಲ್ಲ, ಪೆಟ್ಟಿಗೆ ಇಲ್ಲ. ಆರು ಇಂಚು ಗುಂಡಿ ತೋಡಿಕೊಳ್ಳಬೇಕು, ನೀರಿನಿಂದ ನೂರು ಅಡಿ ದೂರ. ಬಳಸಿದ ಕಾಗದ ಚೀಲಕ್ಕೆ ಹಾಕಿ ವಾಪಸ್ ತರಬೇಕು. 9,600 ಅಡಿಯ ಮೇಲೆ ಬೆಂಕಿ ಹಾಕುವಂತಿಲ್ಲ, ಕೆರೆಗಳು ಇರುವುದು 9,900 ಅಡಿಯ ಆಸುಪಾಸಿನಲ್ಲಿ ಮತ್ತು ಅದಕ್ಕೂ ಮೇಲೆ. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಇದ್ದ ಬಟ್ಟೆಯೆಲ್ಲ ಮೈಮೇಲೆ ಬಂದಿತ್ತು.

ನಮ್ಮ ತಪ್ಪು ಏನೆಂದರೆ, ಸಮುದ್ರ ಮಟ್ಟದಿಂದ ಬೆಳಗ್ಗೆ ಕಾರು ಹತ್ತಿ ಅದೇ ದಿನ ಅಲ್ಲಿ ಮಲಗಿದ್ದು. ಎತ್ತರಕ್ಕೆ ಮೈ ಒಗ್ಗಿರಲಿಲ್ಲ, ದಾರಿಯಲ್ಲಿ ಡಾಗ್ ಲೇಕ್ ದಾಟುವಾಗಲೇ ನನಗೆ ತಲೆ ಭಾರ. ಕ್ಯಾಂಪ್ ತಲುಪುವಾಗ ಹಣೆಯ ಒಳಗೆ ಯಾರೋ ಕುಟ್ಟುತ್ತಿದ್ದರು. ಊಟ ಸೇರಲಿಲ್ಲ. ಅದರ ಜೊತೆಗೆ ಕರಡಿ ಡಬ್ಬಿಯ ಪ್ರಹಸನ. ಯೊಸೆಮಿಟಿ ಕಾಡಿನಲ್ಲಿ ಆಹಾರವನ್ನು ಕರಡಿಗೆ ತೆಗೆಯಲಾಗದ ಗಟ್ಟಿ ಡಬ್ಬಿಯಲ್ಲೇ ಇಡಬೇಕು, ಟೂತ್‌ಪೇಸ್ಟ್ ಕೂಡ. ಇಲ್ಲಿಯದು ಹೆಸರಿಗೆ ಕಪ್ಪು ಕರಡಿ, ಎಷ್ಟೋ ಕರಡಿಗಳ ಮೈಬಣ್ಣ ಕಂದು. ನಮ್ಮ ಡಬ್ಬಿಯ ಮುಚ್ಚಳಕ್ಕೆ ನಾಣ್ಯ ಇಟ್ಟು ತಿರುಗಿಸಬೇಕು. ಫೋನಿನಲ್ಲಿ ದುಡ್ಡು ಕೊಡುವ ಕಾಲದಲ್ಲಿ ನಾಣ್ಯ ಯಾರ ಹತ್ತಿರ ಇರುತ್ತದೆ? ಕೊನೆಗೆ ಕಾರಿನ ಕೀಲಿಯಲ್ಲಿ ತೆಗೆದೆವು. ಅರ್ಧ ಗಂಟೆ ಹಿಡಿಯಿತು.

ಇಷ್ಟೆಲ್ಲ ಆದಮೇಲೂ ನಾಲ್ಕರಲ್ಲಿ ಒಳ್ಳೆಯ ಸಂಜೆ ಯಾವುದು ಅಂದರೆ ಅದೇ. ಕೆರೆಯ ಹಿಂದೆ ರ‍್ಯಾಗೆಡ್ ಪೀಕ್, ಹೆಸರಿನಂತೆಯೇ ಹರಕು ಮುರುಕು ಗರಗಸದ ಹಲ್ಲು. ಅದರ ಬಣ್ಣ ಬೂದಿಯಿಂದ ಕೇಸರಿಗೆ, ಕೇಸರಿಯಿಂದ ತಿಳಿ ನೇರಳೆಗೆ ತಿರುಗಿ ಕೆರೆಯೊಳಗೂ ತಿರುಗಿತು. ಕೆರೆಯ ಆಚೆ ದಡದಲ್ಲಿ ಒಂದೇ ಒಂದು ಟೆಂಟು, ಅವರ ದೀಪ ಆರಿದ ಮೇಲೆ ನಕ್ಷತ್ರ ಬಿಟ್ಟರೆ ಬೇರೆ ಬೆಳಕಿಲ್ಲ. ಹೆಂಡತಿ ಮೇಲಿನ ಕೆರೆಗಳ ತನಕ ಹೋಗಿ ಬಂದಳು. ನಾನು ತಲೆ ಹಿಡಿದುಕೊಂಡು ಬಂಡೆಗೆ ಒರಗಿ ಕೂತಿದ್ದೆ. ಹಾಗೆ ಕೂತು ನೋಡಿದ್ದೇ ಇಷ್ಟು.

ಪರ್ಮಿಟ್ ವಿಷಯ ಬೇಗ ಹೇಳುತ್ತೇನೆ. ರಾತ್ರಿ ಉಳಿಯಲು ವರ್ಷವಿಡೀ ಪರ್ಮಿಟ್ ಬೇಕೇ ಬೇಕು. ಅದು ನಡಿಗೆ ಶುರುವಾಗುವ ಜಾಗಕ್ಕೂ ಆ ದಿನಕ್ಕೂ ಸೇರಿದ್ದು. ನೂರಕ್ಕೆ 60ರಷ್ಟು 24 ವಾರ ಮೊದಲೇ ಲಾಟರಿಯಲ್ಲಿ ಹೋಗುತ್ತವೆ, ಉಳಿದ 40 ಏಳು ದಿನ ಮೊದಲು ಬೆಳಗ್ಗೆ 7ಕ್ಕೆ ಆನ್‌ಲೈನ್‌ನಲ್ಲಿ ಬರುತ್ತವೆ. ನಮಗೆ ಸಿಕ್ಕಿದ್ದೆಲ್ಲ ಹೀಗೆ ಏಳು ಗಂಟೆಗೆ ಫೋನ್ ಹಿಡಿದು ಕೂತೇ. ಹ್ಯಾಪಿ ಐಲ್ಸ್‌ಗೆ ಪೈಪೋಟಿ ಜೋರು. ಲಿಟಲ್ ಯೊಸೆಮಿಟಿ ಬಿಟ್ಟರೆ ಉಳಿದ ಮೂರಕ್ಕೂ ಟಯೋಗಾ ರಸ್ತೆ ತೆರೆದಿರಬೇಕು. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ಗೋ ತೆರೆಯುತ್ತದೆ, ಆದರೆ 2023ರಲ್ಲಿ ಹಿಮ ಎಷ್ಟಿತ್ತೆಂದರೆ ತೆರೆದದ್ದು ಜುಲೈ 22ಕ್ಕೆ. ಬೇಸಿಗೆ ಬೇಗ ಹೋಗಲೇಬೇಕು ಅಂದರೆ ಆ ಬಸ್ ಸ್ಟ್ಯಾಂಡೇ ಗತಿ.

ಈ ವರ್ಷದ್ದೂ ಆಯಿತು. ಬೆಳಗ್ಗೆ ಏಳಕ್ಕೆ ಇಬ್ಬರೂ ಒಂದೊಂದು ಫೋನ್ ಹಿಡಿದೆವು. ನಾನು ಗ್ಲೆನ್ ಆಲಿನ್ ಒತ್ತಿದೆ, ಅವಳು ಯಂಗ್ ಲೇಕ್ಸ್. ಅವಳದ್ದು ಮೊದಲು ಸಿಕ್ಕಿತು. ಪರ್ಮಿಟ್ ಇದ್ದವರು ಹಿಂದಿನ ರಾತ್ರಿ ತಂಗಲು ಟುವಾಲಮಿಯಲ್ಲಿ ಬ್ಯಾಕ್‌ಪ್ಯಾಕರ್‌ಗಳ ಕ್ಯಾಂಪ್ ಇದೆ. ಶುಕ್ರವಾರ ಸಂಜೆಯೇ ಅಲ್ಲಿ ಹೋಗಿ ಬೀಳುತ್ತೇವೆ. ಡಬ್ಬಿಯ ಮುಚ್ಚಳಕ್ಕೆ ನಾಣ್ಯವೊಂದನ್ನು ಅವಳು ಆಗಲೇ ಟೇಪ್ ಹಾಕಿ ಅಂಟಿಸಿದ್ದಾಳೆ.