ಝಾಗ್ರೆಬ್‌ನಿಂದ ಬ್ಲೆಡ್: ಬಸ್ಸು ಚೆನ್ನ, ಶೆಡ್ಯೂಲ್ ಸರಿಯಿಲ್ಲ

ಹಾಸನ ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದವನು ನಾನು. ಟೂರ್ ಅಂದರೆ ಬೇರೆಯವರು ಫೋಟೋ ನೋಡುತ್ತಾರೆ, ನನ್ನ ಕಣ್ಣು ಮೊದಲು ಹೋಗುವುದು ಟೈಮಿಂಗ್ ಮೇಲೆ.

ಮಗ ಕ್ರೊವೇಷಿಯದ ಝಾಗ್ರೆಬ್‌ನಲ್ಲಿದ್ದಾನೆ. ನಾನೂ ನಮ್ಮ ಮನೆಯವರೂ ಹೋಗಿದ್ದಾಗ ಗಡಿಯಾಚೆ ಸ್ಲೊವೇನಿಯಕ್ಕೆ ಒಂದು ದಿನದ ಗೈಡೆಡ್ ಟೂರ್ ಬುಕ್ ಮಾಡಿಕೊಟ್ಟ. ಮೊದಲು ರಾಜಧಾನಿ ಲ್ಯುಬ್ಲಿಯಾನಾ, ಆಮೇಲೆ ಬ್ಲೆಡ್ ಸರೋವರ, ರಾತ್ರಿ ವಾಪಸ್. ಕಂಪನಿ ಹೆಸರು ಹಾಕುವುದಿಲ್ಲ, ಹುಡುಗರು ಕಷ್ಟಪಟ್ಟು ನಡೆಸುತ್ತಿದ್ದಾರೆ.

ಬಸ್ಸಿನ ಬಗ್ಗೆ ತಕರಾರಿಲ್ಲ. ಹದಿನಾರು ಸೀಟಿನ ಮಿನಿಬಸ್, ಹೇಳಿದ ಹೊತ್ತಿಗೆ ಬಿಟ್ಟರು. ಡ್ರೈವರ್ ಹತ್ತಿರ ಟ್ಯಾಕೋಗ್ರಾಫ್ ಇತ್ತು, ಎಷ್ಟು ಹೊತ್ತು ಓಡಿಸಿದ ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ನಮ್ಮ ನೈಟ್ ಸರ್ವಿಸ್ ಡ್ರೈವರುಗಳು ನೆನಪಾಗಿ ಹೊಟ್ಟೆ ಉರಿಯಿತು.

ಗಡಿ ಬ್ರೆಗಾನಾದಲ್ಲಿ. 1991ರವರೆಗೆ ಎರಡೂ ಕಡೆ ಒಂದೇ ಯುಗೊಸ್ಲಾವಿಯ. 2023ರ ಜನವರಿ 1ರಂದು ಕ್ರೊವೇಷಿಯ ಶೆಂಗೆನ್‌ಗೂ (ಒಳಗಿನ ಗಡಿಗಳಲ್ಲಿ ತಪಾಸಣೆ ತೆಗೆದ ಯುರೋಪಿನ ದೇಶಗಳ ಗುಂಪು) ಸೇರಿತು, ಯೂರೋಗೂ ಬದಲಾಯಿತು. ಹಾಗಾಗಿ ನಮ್ಮ ಶೆಂಗೆನ್ ವೀಸಾ ಎರಡು ದೇಶಕ್ಕೂ ನಡೆಯಿತು, ದುಡ್ಡೂ ಅದೇ. ಆದರೆ ಅದೇ ವರ್ಷ ಅಕ್ಟೋಬರಿನಿಂದ ಸ್ಲೊವೇನಿಯ ತಾತ್ಕಾಲಿಕ ತಪಾಸಣೆ ಮತ್ತೆ ಶುರುಮಾಡಿದೆ. ನಮ್ಮ ಬಸ್ಸಿಗೂ ಪೊಲೀಸರು ಹತ್ತಿದರು. ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ, ಫೋನಿನಲ್ಲಿರುವ ಫೋಟೋ ಸಾಲದು.

ಲ್ಯುಬ್ಲಿಯಾನಾದಲ್ಲಿ ಗೈಡ್ ಹುಡುಗಿ ನನ್ನ ಮನಸ್ಸು ಗೆದ್ದಳು. ಇಸವಿ ಒಪ್ಪಿಸಿ ಮುಂದೆ ನಡೆಯುವವಳಲ್ಲ. ಪ್ರೆಶೆರೆನ್ ಚೌಕದ ಪಕ್ಕದಲ್ಲಿ ನದಿಗೆ ಒತ್ತೊತ್ತಾಗಿ ಮೂರು ಸೇತುವೆಗಳಿವೆ. ಒಂದೇ ಕಡೆ ಮೂರು ಯಾಕಮ್ಮ ಅಂತ ಕೇಳಿದೆ. ನಡುವಿನ ಕಲ್ಲುಸೇತುವೆ 1842ರದ್ದು. ವಾಹನ ಹೆಚ್ಚಾಗಿ ಜನ ನಡೆಯುವುದು ಕಷ್ಟವಾದಾಗ ಯೊಝೆ ಪ್ಲೆಚ್ನಿಕ್ ಎಂಬ ವಾಸ್ತುಶಿಲ್ಪಿ ಹಳೆಯದನ್ನು ಕೆಡವದೆ, 1930ರ ಆಸುಪಾಸಿನಲ್ಲಿ ಅಕ್ಕಪಕ್ಕ ಎರಡು ಕಾಲುಸೇತುವೆ ಸೇರಿಸಿದನಂತೆ. ಈಗ ಮೂರರ ಮೇಲೂ ವಾಹನವಿಲ್ಲ, ಎಲ್ಲ ನಡೆಯುವವರಿಗೇ. ಟ್ರಾಫಿಕ್ ಕೆಲಸ ಮಾಡಿದವನಿಗೆ ಇದಕ್ಕಿಂತ ದೊಡ್ಡ ದೇವಸ್ಥಾನ ಬೇಕಾ? ಪ್ಲೆಚ್ನಿಕ್ ಈ ಊರಿನಲ್ಲಿ ಮಾಡಿದ ಕೆಲಸ 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಡ್ರ್ಯಾಗನ್ ಸೇತುವೆ ಮುಂದೆ ಎಲ್ಲರಂತೆ ನಾವೂ ಫೋಟೋ ಹೊಡೆಸಿಕೊಂಡೆವು.

ಊಟ ಪ್ಯಾಕೇಜಿನಲ್ಲಿಲ್ಲ. ನಮ್ಮ ಮನೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಗೈಡ್ ತಾನೇ ಒಳಗೆ ಹೋಗಿ ವಿಚಾರಿಸಿ ಬಂದು, ತರಕಾರಿ ಸೂಪು, ಬ್ರೆಡ್ಡು ಇರುವ ಕಡೆ ಕೂರಿಸಿದಳು. ಇದಕ್ಕೇ ಒಂದು ಸ್ಟಾರ್ ಜಾಸ್ತಿ.

ಇಷ್ಟೆಲ್ಲ ಆಗುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಬ್ಲೆಡ್ ಇನ್ನೂ 55 ಕಿಲೋಮೀಟರ್. ತಲುಪಿದ ಮೇಲೆ ಗೈಡ್ ಹೇಳಿದಳು: ಇಲ್ಲಿ ಎರಡು ಗಂಟೆ, ಕೋಟೆಯೋ ದ್ವೀಪವೋ ನೀವೇ ಆರಿಸಿಕೊಳ್ಳಿ. ಬುಕ್ಕಿಂಗ್ ಪೇಜಿನಲ್ಲಿ ಎರಡರ ಚಿತ್ರವನ್ನೂ ದೊಡ್ಡದಾಗಿ ಹಾಕಿದ್ದರು!

ಲೆಕ್ಕ ಹಾಕಿ ನೋಡಿ. ದ್ವೀಪಕ್ಕೆ ಹೋಗುವುದು ಪ್ಲೆತ್ನಾ ಎಂಬ ಚಪ್ಪಟೆ ತಳದ ಮರದ ದೋಣಿಯಲ್ಲಿ. ಈ ಸರೋವರದಲ್ಲಿ ಪೆಟ್ರೋಲ್ ಎಂಜಿನ್ ಬಿಡುವುದಿಲ್ಲ. ಅಂಬಿಗ ಹಿಂದುಗಡೆ ನಿಂತು ಎರಡು ಹುಟ್ಟು ಹಾಕುತ್ತಾನೆ, ದೋಣಿ ತುಂಬದೆ ಹೊರಡುವುದಿಲ್ಲ (ಇದೊಂದು ನಮ್ಮೂರ ಮ್ಯಾಕ್ಸಿಕ್ಯಾಬ್ ಥರವೇ). ಅಲ್ಲಿ ಇಳಿಸಿ ಮುಕ್ಕಾಲು ಗಂಟೆ ಕಾಯುತ್ತಾನೆ. ಮೇಲಿನ ಚರ್ಚಿಗೆ 99 ಮೆಟ್ಟಿಲು. ಮದುವೆ ದಿನ ಗಂಡು ಹೆಣ್ಣನ್ನು ಎತ್ತಿಕೊಂಡು ಅಷ್ಟೂ ಹತ್ತುವ ಪದ್ಧತಿಯಿದೆ. ನಮ್ಮ ಮನೆಯವರು ಅದನ್ನು ಕೇಳಿ ನನ್ನ ಮುಖ ನೋಡಿದರು, ನಾನು ಸರೋವರ ನೋಡಿದೆ. ಒಳಗೆ 1534ರ ಗಂಟೆ, ಬೇಡಿಕೊಂಡು ಹಗ್ಗ ಎಳೆಯಬೇಕು, ಅದಕ್ಕೂ ಕ್ಯೂ. ದೋಣಿಗೊಂದು ದುಡ್ಡು, ಚರ್ಚಿಗೆ ಬೇರೆ ಟಿಕೆಟ್. ಹೋಗಿ ಬರುವುದರಲ್ಲಿ ಒಂದೂವರೆ ಗಂಟೆ ಮುಗಿಯಿತು. 1011ರ ದಾಖಲೆಯಲ್ಲೇ ಹೆಸರಿರುವ ಆ ಬಂಡೆ ಮೇಲಿನ ಕೋಟೆಯನ್ನು ಕೆಳಗಿನಿಂದಲೇ ನೋಡಿದ್ದಾಯಿತು. ಸರೋವರದ ಸುತ್ತ ಆರು ಕಿಲೋಮೀಟರ್ ಚೆಂದದ ಕಾಲುದಾರಿ ಇದೆ, ಅದರ ಮಾತೇ ಎತ್ತಬೇಡಿ. ಉಳಿದ ಸಮಯದಲ್ಲಿ ಇಲ್ಲಿನ ಹೆಸರುವಾಸಿ ಕ್ರೀಮ್ ಕೇಕ್, ಕ್ರೆಮ್ನಾ ರೆಝಿನಾ ತಿಂದೆ. ಕಸ್ಟರ್ಡ್‌ನಲ್ಲಿ ಮೊಟ್ಟೆ ಇರುತ್ತದೆ, ಹಾಗಾಗಿ ಪೂರ್ತಿ ನನ್ನ ಪಾಲಿಗೇ ಬಂತು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಸಿಹಿ ಹದವಾಗಿ.

ನಾನಾಗಿದ್ದರೆ ಈ ಟ್ರಿಪ್ಪನ್ನು ತಿರುಗಿಸುತ್ತಿದ್ದೆ. ಝಾಗ್ರೆಬ್‌ನಿಂದ ನೇರ ಬ್ಲೆಡ್, ಸುಮಾರು 195 ಕಿಲೋಮೀಟರ್, ಗಡಿಯಲ್ಲಿ ತಡವಾಗದಿದ್ದರೆ ಎರಡೂವರೆ ಗಂಟೆ. ಬೆಳಿಗ್ಗೆ ದೋಣಿಗೆ ನೂಕುನುಗ್ಗಲು ಕಮ್ಮಿ, ಕೋಟೆಗೂ ಸಮಯ ಸಿಗುತ್ತದೆ. ಲ್ಯುಬ್ಲಿಯಾನಾ ಹೇಗೂ ವಾಪಸ್ ಬರುವ ದಾರಿಯಲ್ಲೇ ಇದೆ, ಸೇತುವೆಗಳು ಸಂಜೆ ಬಾಗಿಲು ಹಾಕುವುದಿಲ್ಲ. ಇದನ್ನು ಗೈಡ್‌ಗೆ ಹೇಳಿದೆ. ಆಫೀಸಿನವರು ಕೇಳಬೇಕಲ್ಲ ಅಂದಳು. ಈ ಮಾತು ನಮ್ಮ ಡಿಪೋದಲ್ಲೂ ಕೇಳಿದ್ದೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೀವು ಬುಕ್ ಮಾಡುವಾಗ ಯಾವ ಕಂಪನಿ ಆದರೂ ಸರಿ, ಬ್ಲೆಡ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಮೂರು ಗಂಟೆಗಿಂತ ಕಮ್ಮಿ ಅಂದರೆ ಇನ್ನೊಬ್ಬರನ್ನು ನೋಡಿ.