ಸೈಕಲ್ ರೇಸಿಗೆ ‘ಸಿಎಸ್‌ಆರ್ ರೊಕ್ಕ ತರ್ತೀನಿ’ ಅನ್ನೋರು ಬಂದರೆ ಹುಷಾರಾಗಿರಿ

ಜಾತ್ರೆ ಸೀಸನ್ ಹತ್ತಿರ ಬಂತು. ಜಮಖಂಡಿ, ಮುಧೋಳ, ಬೀಳಗಿ ಕಡೆ, ಆಚೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲೂ ಸೈಕಲ್ ಶರ್ಯತ್ತಿನ ಮಾತುಕತೆ ಶುರುವಾಗಿರುತ್ತದೆ. ರೇಸ್ ಮಾಡಿಸುವ ಕಮಿಟಿಯವರೂ, ಬಹುಮಾನ ನೋಡಿ ದೂರದಿಂದ ಬರುವ ಹುಡುಗ ಹುಡುಗಿಯರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನಮಗೆ ಟೋಪಿ ಹಾಕಿದವನ ಹೆಸರು ಹಾಕುವುದಿಲ್ಲ. ದೂರು ಇನ್ನೂ ಠಾಣೆಯಲ್ಲಿದೆ. ಹೆಸರು ಗೊತ್ತಾದರೂ ಉಪಯೋಗ ಕಡಿಮೆ, ಊರಿಗೊಂದು ಹೆಸರು ಇಟ್ಟುಕೊಂಡು ತಿರುಗುವ ಗಿರಾಕಿ ಅವನು. ಅವನು ಹೇಗೆ ಬರುತ್ತಾನೆ, ಏನು ಹೇಳುತ್ತಾನೆ, ದುಡ್ಡು ಎಲ್ಲಿಂದ ಹೊಡೆಯುತ್ತಾನೆ, ಅದು ಗೊತ್ತಿದ್ದರೆ ಸಾಕು.

ಮೊದಲು ನಮ್ಮ ರೇಸ್ ಹೇಗೆ ನಡೆಯುತ್ತಿತ್ತು ಅಂತ ಹೇಳಬೇಕು. ನಾನು ಕಮಿಟಿಯಲ್ಲಿಲ್ಲ. ಹಿಂದೆ ಸ್ವಲ್ಪ ಸೈಕಲ್ ಹೊಡೆದವನು ಅಂತ ಪ್ರತಿ ವರ್ಷ ಫಿನಿಶಿಂಗ್ ಗೆರೆಯ ಹತ್ತಿರ ನಿಂತು ನಂಬರ್ ಬರೆಯುವ ಕೆಲಸ ನನಗೆ. ತೆರಬಂಡಿ, ಸಂಗ್ರಾಣಿ ಕಲ್ಲು ಎತ್ತುವುದು, ಕಬಡ್ಡಿ, ಇವುಗಳ ಜೊತೆ ಸೈಕಲ್ಲೂ ಒಂದು. ಹ್ಯಾಂಡ್‌ಬಿಲ್‌ನಲ್ಲಿ ಒಂದೊಂದು ಬಹುಮಾನದ ಎದುರು ಒಬ್ಬೊಬ್ಬ ದಾನಿಯ ಹೆಸರು. ಮೊದಲನೇದು 11,001, ಎರಡನೇದು 7,001, ಹೀಗೆ ಹತ್ತನೇ ನಂಬರಿನವರೆಗೂ. ಒಬ್ಬರದು ಗೊಬ್ಬರದ ಅಂಗಡಿ, ಇನ್ನೊಬ್ಬರು ಕಬ್ಬಿನ ಗ್ಯಾಂಗ್ ಮುಕಾದಮ, ಮತ್ತೊಬ್ಬರು ತೀರಿಹೋದ ತಂದೆಯ ಹೆಸರಲ್ಲಿ ಢಾಲು ಕೊಡುವವರು. ಸ್ಪರ್ಧೆ ಮುಗಿದ ಅರ್ಧ ತಾಸಿಗೆ ದಾನಿ ತಾನೇ ಕಟ್ಟೆ ಹತ್ತಿ ನಗದು ಎಣಿಸಿ ಕೊಡುತ್ತಾನೆ. ಯಾವ ಕಾಗದಪತ್ರವೂ ಇಲ್ಲ. ಆದರೆ ಹೆಸರು ಹಾಕಿಸಿಕೊಂಡು ಕೊಡದಿದ್ದರೆ ಮರುದಿನ ಚಹಾದಂಗಡಿಗೆ ಬರೋಕಾಗಲ್ಲ. ಇಷ್ಟು ವರ್ಷ ನಮ್ಮ ರೇಸಿಗೆ ಜಾಮೀನು ಅಂತ ಇದ್ದದ್ದು ಈ ನಾಚಿಕೆ ಒಂದೇ. ಹೊರಗಿನಿಂದ ಬಂದವನಿಗೆ ಅದು ಇರೋದಿಲ್ಲ ನೋಡಿ.

ಅವನು ಬೆಳಗಾವಿ ಪಾಸಿಂಗ್ ಕಾರಿನಲ್ಲಿ ಬಂದ. ಸ್ಪೋರ್ಟ್ಸ್ ಈವೆಂಟ್ ಮಾಡಿಸ್ತೀನಿ ಅಂದ. ಮೊಬೈಲಲ್ಲಿ ಪುಣೆ, ಕೊಲ್ಹಾಪುರದ ಸೈಕ್ಲಿಂಗ್ ಫೋಟೊ ತೋರಿಸಿದ. ಆ ಫೋಟೊಗಳಲ್ಲಿ ಎಲ್ಲೂ ಅವನಿಲ್ಲ ಅನ್ನೋದು ನಮ್ಮ ಹುಡುಗರ ಕಣ್ಣಿಗೆ ಬಿದ್ದದ್ದು ತಡವಾಗಿ. “ಎಷ್ಟು ವರ್ಷ ಪಟ್ಟಿ ಎತ್ತಿ ರೇಸ್ ಮಾಡ್ತೀರಿ? ಈ ಸಲ ಕಂಪನಿ ರೊಕ್ಕದಾಗ ಮಾಡೂಣು” ಅಂದ. ಮೊದಲ ಬಹುಮಾನ ಒಂದು ಲಕ್ಷ, ಜೊತೆಗೆ ಕಾರ್ಬನ್ ಸೈಕಲ್. ಹೆಣ್ಣುಮಕ್ಕಳಿಗೂ ಅಷ್ಟೇ ಬಹುಮಾನ. ಯೂಟ್ಯೂಬ್‌ನಲ್ಲಿ ಲೈವ್. ಎಲ್ಲ ಸಕ್ಕರೆ ಫ್ಯಾಕ್ಟರಿಯೊಂದರ ಸಿಎಸ್‌ಆರ್ ಹಣದಿಂದ, ಅಂದರೆ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡುವ ಹಣದಿಂದ. ಕಮಿಟಿ ‘ಫೈಲ್ ಖರ್ಚು’ ಅಂತ 40,000 ಕೊಟ್ಟರೆ ಮುಗೀತು.

ಊರಿನ ನಿವೃತ್ತ ಮಾಸ್ತರರೊಬ್ಬರು ಕೇಳಿದರು, “ಫ್ಯಾಕ್ಟರಿಯವರ ಪತ್ರ ಎಲ್ಲೈತಪಾ?” “ಮಾರ್ಚ್ ಎಂಡಿಂಗ್ ರೀ ಕಾಕಾ, ಆಡಿಟ್ ನಡದೈತಿ. ಸಹಿ ಆಗೂದೊಂದೇ ಬಾಕಿ.” ಮಾರ್ಚ್ ಎಂಡಿಂಗ್ ಅಂದರೆ ನಮ್ಮ ಕಡೆ ಯಾರೂ ಮುಂದೆ ಮಾತಾಡೋದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿಎಸ್‌ಆರ್ ಅನ್ನೋ ಮಾತಿನಿಂದಲೇ ಅವನು ಎಲ್ಲರ ಬಾಯಿ ಮುಚ್ಚಿಸಿದ. ಬಾಗಲಕೋಟೆಯಲ್ಲಿ ಸಿಎ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಆಮೇಲೆ ಬಿಡಿಸಿ ಹೇಳಿದ್ದು ಇದು. ಸಿಎಸ್‌ಆರ್ ಬರುವುದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿ. ಹಿಂದಿನ ವರ್ಷ 5 ಕೋಟಿ ಅಥವಾ ಜಾಸ್ತಿ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಇದಕ್ಕೆ ಖರ್ಚು ಮಾಡಬೇಕು. ಅದು ಕಂಪನಿಗಳಿಗೆ ಇರುವ ನಿಯಮ. ನಮ್ಮ ಕಡೆಯ ಎಷ್ಟೋ ಸಕ್ಕರೆ ಕಾರ್ಖಾನೆಗಳು ಸಹಕಾರಿ ಸಂಘಗಳು, ಕಂಪನಿಗಳಲ್ಲ. ಅವನು ಹೆಸರು ಹೇಳಿದ ಕಾರ್ಖಾನೆಯೂ ಸಹಕಾರಿಯೇ. ಆ ನಿಯಮ ಅದಕ್ಕೆ ಅನ್ವಯವೇ ಆಗಲ್ಲ. ಶೇರುದಾರರು ನಮ್ಮ ಊರಲ್ಲೇ ಮನೆಮನೆಗೂ ಇದ್ದಾರೆ, ಒಂದು ಮಾತು ಕೇಳಿದ್ದರೆ ಅಂಥ ಫೈಲೇ ಇಲ್ಲ ಅಂತ ಅಲ್ಲಿಯವರೇ ಹೇಳುತ್ತಿದ್ದರು. ಆಮೇಲೆ ಕೇಳಿದಾಗ ಹೇಳಿದ್ದೂ ಅದನ್ನೇ.

ಸರಿ, ನಿಜವಾದ ಕಂಪನಿಯೇ ಆಗಿದ್ದರೂ? ಗ್ರಾಮೀಣ ಕ್ರೀಡೆಗಳ ತರಬೇತಿಗೆ ಸಿಎಸ್‌ಆರ್ ಹಣ ಹಾಕಬಹುದು, ಅದು ಪಟ್ಟಿಯಲ್ಲಿದೆ. ಆದರೆ ಒಂದು ದಿನದ ಮ್ಯಾರಥಾನ್‌ನಂಥ ಕಾರ್ಯಕ್ರಮದ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಕಂಪನಿ ತನ್ನ ಮಾಲಿನ ಪ್ರಚಾರಕ್ಕೆ ಮಾಡುವ ಪ್ರಾಯೋಜಕತ್ವವೂ ಲೆಕ್ಕಕ್ಕೆ ಬರಲ್ಲ. ಕಂಪನಿ ಬೇರೆ ಸಂಸ್ಥೆಯ ಕೈಯಲ್ಲಿ ಈ ಕೆಲಸ ಮಾಡಿಸಬೇಕಾದರೆ, 2021ರ ಏಪ್ರಿಲ್‌ನಿಂದ ಆ ಸಂಸ್ಥೆ ಸಿಎಸ್‌ಆರ್-1 ಅನ್ನೋ ಫಾರ್ಮ್ ಸಲ್ಲಿಸಿ ನೋಂದಣಿ ನಂಬರ್ ತೆಗೆದುಕೊಂಡಿರಬೇಕು. ಕಂಪನಿ ತನ್ನ ಜಾಹೀರಾತಿನ ಖರ್ಚಿನಲ್ಲಿ ನಿಮ್ಮ ರೇಸಿಗೆ ಹಣ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಜಾತ್ರೆಯ ಒಂದು ದಿನದ ರೇಸಿಗೆ ‘ಸಿಎಸ್‌ಆರ್ ಪಾಸಾಗಿದೆ, ಮೊದಲು ನೀವು ಫೈಲ್ ಖರ್ಚು ಕೊಡಿ’ ಅಂದರೆ ಅಲ್ಲಿಗೆ ಅವನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಪೋಸ್ಟರ್ ಬಂತು. ನೋಡೋಕೆ ಭಾರಿ. ಕೆಳಗೆ ಸಾಲಾಗಿ ಕಂಪನಿಗಳ ಲೋಗೊ. ಅದರಲ್ಲಿ ಎಷ್ಟು ಕಂಪನಿಗೆ ನಮ್ಮೂರು ಎಲ್ಲಿದೆ ಅಂತ ಗೊತ್ತೋ ದೇವರೇ ಬಲ್ಲ. ‘ರಾಜ್ಯಮಟ್ಟದ ಮುಕ್ತ ಸ್ಪರ್ಧೆ, ಗೆದ್ದವರಿಗೆ ನ್ಯಾಷನಲ್ ಸೆಲೆಕ್ಷನ್‌ಗೆ ಅವಕಾಶ’ ಅಂತ ಬೇರೆ. ಪ್ರವೇಶ ಶುಲ್ಕ 600, ಕ್ಯೂಆರ್ ಕೋಡ್‌ಗೆ ಹಾಕಬೇಕು. ವಿಚಾರಣೆಗೆ ಅಂತ ಕೊಟ್ಟ ನಂಬರ್ ನನ್ನದು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ದುಡ್ಡು ಅವನ ಖಾತೆಗೆ, ಬೈಗುಳ ನನ್ನ ಮೊಬೈಲಿಗೆ. ಲೆಕ್ಕ ಸರಿಯಾಗೇ ಇತ್ತು ಅಲ್ವಾ.

ಆ ಸೆಲೆಕ್ಷನ್ ಮಾತಿನಿಂದ ಹುಡುಗರಿಗೆ ಆದ ಮೋಸ ನನ್ನ ಪ್ರಕಾರ ದುಡ್ಡಿನ ಮೋಸಕ್ಕಿಂತ ದೊಡ್ಡದು. ಬಾಗಲಕೋಟೆ, ವಿಜಯಪುರದ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಬೆವರು ಸುರಿಸುವ ಮಕ್ಕಳಲ್ಲಿ ಜಾಸ್ತಿ ಜನ ರೈತರ, ಕೂಲಿಯವರ ಮನೆಯವರು. ಸೈಕಲ್ ಹೊಡೆದು ರೈಲ್ವೆ ನೌಕರಿ ಹಿಡಿದ ಅಣ್ಣಂದಿರನ್ನು ನೋಡಿ ಬಂದವರು. ರಾಜ್ಯ ಚಾಂಪಿಯನ್‌ಶಿಪ್ ಮಾಡಿಸುವುದು, ರಾಷ್ಟ್ರೀಯ ಕೂಟಕ್ಕೆ ತಂಡ ಆರಿಸುವುದು ಸೈಕ್ಲಿಂಗ್ ಫೆಡರೇಷನ್ ಆಫ್ ಇಂಡಿಯಾಕ್ಕೆ ಸೇರಿದ ರಾಜ್ಯ ಸಂಸ್ಥೆಯ ಕೆಲಸ. ಜಾತ್ರೆ ರೇಸಿನಲ್ಲಿ ಮೊದಲು ಬಂದರೆ ಸೆಲೆಕ್ಷನ್ ಆಗಲ್ಲ. ಕ್ರೀಡಾ ಕೋಟಾದ ನೌಕರಿಗೆ ಕೇಳುವುದು ದೇಶವನ್ನೋ ರಾಜ್ಯವನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿದ, ಇಲ್ಲವೇ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಆಡಿದ ಪ್ರಮಾಣಪತ್ರ. ಖಾಸಗಿ ರೇಸಿನ ಸರ್ಟಿಫಿಕೇಟಿಗೆ ಎಷ್ಟೇ ಚಿನ್ನದ ಬಣ್ಣ ಬಳಿದರೂ ಅಲ್ಲಿ ನಡೆಯಲ್ಲ. ಇದನ್ನು ಮಕ್ಕಳ ತಂದೆತಾಯಿಗೂ ಯಾರಾದರೂ ಹೇಳಬೇಕು.

ರೇಸಿನ ದಿನ ಜನವೋ ಜನ. ಕ್ರೂಸರ್ ಮೇಲೆ ಸೈಕಲ್ ಕಟ್ಟಿಕೊಂಡು ಸಾಂಗ್ಲಿ ಕಡೆಯಿಂದಲೂ ಬಂದಿದ್ದರು. ಇನ್ಶೂರೆನ್ಸ್ ಆಗಿದೆ ಅಂದಿದ್ದ, ಪಾಲಿಸಿ ನಂಬರ್ ಕೇಳಿದರೆ ನಕ್ಕ. ಆಂಬುಲೆನ್ಸ್ ಅಂತ ಬಂದದ್ದು ಕೆಂಪು ಅಕ್ಷರ ಅಂಟಿಸಿದ ಓಮ್ನಿ. ರಸ್ತೆ ಮೇಲೆ ಬಿದ್ದಿದ್ದ ಕಬ್ಬಿನ ಜಲ್ಲೆಗೆ ಚಕ್ರ ತಾಗಿ ಒಬ್ಬ ಹುಡುಗ ಬಿದ್ದು ಭುಜ ಜಖಂ ಮಾಡಿಕೊಂಡ. ನಾವೇ 108ಕ್ಕೆ ಫೋನ್ ಮಾಡಿ ಕಳಿಸಿದೆವು. ಪುಣ್ಯಕ್ಕೆ ಅಷ್ಟರಲ್ಲೇ ಹೋಯಿತು.

ಸಂಜೆ ಕಟ್ಟೆ ಮೇಲೆ ಆಳೆತ್ತರದ ಚೆಕ್ ಬಂತು. ಫೋಮ್ ಹಾಳೆಗೆ ಫ್ಲೆಕ್ಸ್ ಅಂಟಿಸಿದ್ದು. ಫೋಟೊ ಹೊಡೆದರು. ಹಾರ ಹಾಕಿಸಿಕೊಂಡ ಮುಖಂಡರು ಇಳಿದು ಹೋದರು. ಕಾರ್ಬನ್ ಸೈಕಲ್ ‘ಶೋರೂಮಿನಿಂದ ನೇರ ಮನೆಗೆ’ ಬರುತ್ತದಂತೆ. ಬಹುಮಾನ ‘ಒಂದು ವಾರದಾಗ ಖಾತೆಗೆ’ ಅಂದ. ಗೆದ್ದ ಹುಡುಗ ಆ ಫೋಮ್ ಚೆಕ್ಕನ್ನು ಬಸ್ಸಿನಲ್ಲಿ ಹೇಗೆ ಒಯ್ಯೋದು ಅಂತ ನನ್ನನ್ನೇ ಕೇಳಿದ.

ಆಮೇಲೆ ನನ್ನ ಫೋನ್ ಸುಮ್ಮನಿರಲಿಲ್ಲ. “ಸರ, ರೊಕ್ಕ ಯಾವಾಗ ಬರ್ತೈತ್ರೀ?” ಒಬ್ಬಳು ಹುಡುಗಿ ಎರಡನೇ ಬಹುಮಾನ ಗೆದ್ದಿದ್ದಳು. ಆ ದುಡ್ಡು ನಂಬಿ ಸೈಕಲ್ ಅಂಗಡಿಯಲ್ಲಿ ಉದ್ರಿ ಮೇಲೆ ಎರಡು ಟಾಯರ್ ತಂದಿದ್ದಳು. ಅಂಗಡಿಯವನು ಅವಳಿಗೆ ಫೋನ್ ಮಾಡುವುದು, ಅವಳು ನನಗೆ, ನಾನು ಅವನಿಗೆ. ಅವನು ಎತ್ತುವುದಿಲ್ಲ.

ಕೊನೆಗೆ ಎತ್ತಿದ. ಗೆದ್ದವರಿಗೇ ನೇರ ಫೋನ್ ಮಾಡಿ ಹೊಸ ವರಸೆ ಶುರು ಮಾಡಿದ. ‘ಬಹುಮಾನಕ್ಕೆ ಶೇ. 30 ತೆರಿಗೆ ಐತಿ, ಅದನ್ನ ಮೊದಲು ಕಟ್ಟಿ, ಪೂರ್ತಿ ಮೊತ್ತ ಬಿಡ್ತೀವಿ.’ ಒಬ್ಬ ಹುಡುಗನ ತಂದೆ ಕಬ್ಬಿನ ಬಿಲ್ಲಿನ ದುಡ್ಡಲ್ಲಿ ಕಟ್ಟಿಯೂ ಬಿಟ್ಟರು. ದಯವಿಟ್ಟು ಇದನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಿ: ನಗದು ಬಹುಮಾನಕ್ಕೆ ತೆರಿಗೆ ಹಿಡಿಯುವುದಿದ್ದರೆ ಕೊಡುವವನೇ ಬಹುಮಾನದಲ್ಲಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಮುರಿದುಕೊಂಡದ್ದು ನಿಮ್ಮ ಪ್ಯಾನ್ ನಂಬರಿನ ಮೇಲೆ ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಕಾಣಿಸುತ್ತದೆ. ನಗದು ಬಹುಮಾನಕ್ಕೆ ಗೆದ್ದವನು ತನ್ನ ಜೇಬಿನಿಂದ ಆಯೋಜಕನಿಗೆ ಕೊಡುವ ತೆರಿಗೆ ಅಂತ ಯಾವುದೂ ಇಲ್ಲ.

ಹಿರಿಯರು ಒತ್ತಾಯ ಮಾಡಿದ ಮೇಲೆ ಕಮಿಟಿಯ ಹೆಸರಿಗೆ ಒಂದು ಅಸಲಿ ಚೆಕ್ ಕೊಟ್ಟ. ಅದು ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂತು. ‘ಇನ್ನೊಮ್ಮೆ ಹಾಕ್ರಿ, ಈ ಸಲ ಪಾಸ್ ಆಗ್ತೈತಿ’ ಅಂತ ದಿನ ತಳ್ಳತೊಡಗಿದ. ದಿನ ತಳ್ಳುವುದಕ್ಕೂ ಕಾರಣ ಇದೆ ಅಂದರು ಜಮಖಂಡಿಯ ವಕೀಲರು. ಚೆಕ್ಕಿಗೆ ಬರೆದ ತಾರೀಖಿನಿಂದ ಮೂರೇ ತಿಂಗಳ ಆಯುಷ್ಯ. ಬೌನ್ಸ್ ಆಗಿದೆ ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಅವನಿಗೆ 15 ದಿನ. ಆಗಲೂ ಕೊಡದಿದ್ದರೆ ಒಂದು ತಿಂಗಳಲ್ಲಿ ಕೋರ್ಟಿಗೆ ಹೋಗಬೇಕು. ನೋಟಿಸ್ ವೇಳೆಗೆ ಹೋಯಿತು. ಆದರೆ ವಕೀಲರು ಕೇಳಿದ ಇನ್ನೊಂದು ಪ್ರಶ್ನೆಗೆ ಕಮಿಟಿಯವರ ಹತ್ತಿರ ಉತ್ತರ ಇರಲಿಲ್ಲ. ಅವನು ನಿಮಗೆ ಇಷ್ಟು ಕೊಡಬೇಕು ಅನ್ನೋದಕ್ಕೆ ಬರಹ ಎಲ್ಲಿದೆ? ಸುಮ್ನೆ ದೇಣಿಗೆ ಅಂತ ಕೊಟ್ಟ ಚೆಕ್ಕು, ಕೊಡಲೇಬೇಕಾದ ಬಾಕಿಗೆ ಕೊಟ್ಟ ಚೆಕ್ಕು, ಕೋರ್ಟಿನಲ್ಲಿ ಎರಡೂ ಒಂದೇ ಅಲ್ಲ. ಬಾಂಡ್ ಪೇಪರ್ ಮೇಲೆ ನಾಲ್ಕು ಸಾಲು ಬರೆಸಿಕೊಂಡಿದ್ದರೂ ಕೇಸಿಗೆ ಬಲ ಬರುತ್ತಿತ್ತು ಅಂದರು.

ಊರ ಹಿರಿಯರು ಗುಡಿಯಲ್ಲಿ ಕೂತು, ಹಳೇ ರೇಟಿನಂತೆ ಆದರೂ ಬಹುಮಾನ ಕೊಡೋಣ ಅಂತ ತೀರ್ಮಾನ ಮಾಡಿದರು. ಹೆಣ್ಣುಮಕ್ಕಳಿಗೆ ಮೊದಲು ಮುಟ್ಟಿತು. ಮಹಾರಾಷ್ಟ್ರದವರಿಗೆ ಇನ್ನೂ ಮುಟ್ಟಿಲ್ಲ. ಅವರು ತಮ್ಮ ಗ್ರೂಪುಗಳಲ್ಲಿ ನಮ್ಮೂರ ಹೆಸರು ಹಾಕಿ ಬರೆದಿದ್ದಾರೆ, ಬರೆಯಲಿ, ಅವರದ್ದೇನು ತಪ್ಪು? ಹಾರ ಹಾಕಿಸಿಕೊಂಡವರು ಮಾತ್ರ ಇವತ್ತಿಗೂ ಫೋನ್ ಎತ್ತಿಲ್ಲ.

ಕಮಿಟಿಯವರಿಗೆ ನಾನು ಹೇಳೋದು ಇಷ್ಟೇ. ದುಡ್ಡು ನಿಮ್ಮ ಸಂಘದ ಖಾತೆಗೆ ಬಿದ್ದ ಮೇಲೆ ಪೋಸ್ಟರ್ ಮಾಡಿಸಿ. ಬೀಳದ ಮೊತ್ತವನ್ನು ಪ್ರೆಸ್ಸಿಗೆ ಕೊಡಬೇಡಿ. ಪ್ರವೇಶ ಶುಲ್ಕವನ್ನು ಯಾರ ವೈಯಕ್ತಿಕ ಖಾತೆಗೂ ಹಾಕಿಸಬೇಡಿ. ಲೋಗೊ ಹಾಕಿದ ಕಂಪನಿಯ ಆಫೀಸಿಗೆ ಒಂದು ಫೋನ್ ಮಾಡಿ, ಪೊಲೀಸರ ಅನುಮತಿಯನ್ನು ನೀವೇ ಹೋಗಿ ತನ್ನಿ. ಲಕ್ಷದ ಬಹುಮಾನ ಇಲ್ಲದಿದ್ದರೆ ಒಳ್ಳೆ ಹುಡುಗರು ಬರಲ್ಲ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಗುಡಿಸಿದ ರಸ್ತೆ, ಎದುರಿಗೆ ಟ್ರ್ಯಾಕ್ಟರ್ ಬರದ ವ್ಯವಸ್ಥೆ, ಸರಿಯಾದ ಫಲಿತಾಂಶ, ಮಧ್ಯಾಹ್ನಕ್ಕೆ ರೊಟ್ಟಿ ಊಟ, ಕೈಗೆ ನಗದು. ಇಷ್ಟಿದ್ದರೆ 11,001ಕ್ಕೂ ಬರುತ್ತಿದ್ದರು, ಬಂದಿದ್ದಾರೆ.

ಸೈಕಲ್ ಹೊಡೆಯುವವರು ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೇಲೆ ಬರುವ ಹೆಸರು ಓದಿ. ಸಂಘದ ಹೆಸರು ಬಾರದೆ ಯಾರೋ ವ್ಯಕ್ತಿಯ ಹೆಸರು ಬಂದರೆ ಹಾಕಬೇಡಿ, ಊರಿನ ಪಂಚಾಯಿತಿಯವರಿಗೆ ಫೋನ್ ಮಾಡಿ ಕೇಳಿ. ಈಗಾಗಲೇ ಹಾಕಿ ಮೋಸ ಹೋಗಿದ್ದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ. ಪೋಸ್ಟರ್, ಪಾವತಿಯ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ಯಾವುದನ್ನೂ ಅಳಿಸಬೇಡಿ. ನಮ್ಮೂರ ರೇಸಿಗೆ ದುಡ್ಡು ಹಾಕಿದವರು ಇದನ್ನು ಓದುತ್ತಿದ್ದರೆ ಆ ಸ್ಕ್ರೀನ್‌ಶಾಟ್ ನನಗೂ ಕಳಿಸಿ. ನಂಬರ್ ನಿಮ್ಮ ಹತ್ತಿರ ಇದ್ದೇ ಇದೆ, ಪೋಸ್ಟರಿನಲ್ಲಿ ಇರೋದು ನನ್ನದೇ. ಠಾಣೆಯವರು ಎಷ್ಟು ಜನ, ಎಷ್ಟು ಮೊತ್ತ ಅಂತ ಪಟ್ಟಿ ಕೇಳಿದ್ದಾರೆ.